ಗಿರಣಿ ಮಲಿಕಾಬಿಯ ಬಿಳಿ ಮೆಣಸಿನಕಾಯಿ

ಗುಡಗೇರಿಯಲ್ಲಿ ಮಲಿಕಾಬಿಯ ಗಿರಣಿಗೆ ದಾರಿ ಕೇಳಿದರೆ ಜನ ಕೈ ತೋರಿಸುವ ಮೊದಲು ಇವತ್ತು ಯಾವ ವಾರ ಎಂದು ನೆನಪು ಮಾಡಿಕೊಳ್ಳುತ್ತಾರೆ. ಗುರುವಾರವಾಗಿದ್ದರೆ "ನಾಳಿ ಹೋಗ್ರಿ" ಎನ್ನುತ್ತಾರೆ. ಗುರುವಾರ ಅಲ್ಲಿ ಖಾರ ಬೀಸುವ ದಿನ. ಮೆಣಸಿನಕಾಯಿ ತಂದವರು ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು, ಸೆರಗನ್ನೋ ಟವೆಲನ್ನೋ ಮೂಗಿಗೆ ಒತ್ತಿಕೊಂಡು ಹಿಂತಿರುಗಿ ನೋಡದೆ ಓಡುತ್ತಾರೆ. ಒಳಗೆ ಉಳಿಯುವವಳು ಮಲಿಕಾಬಿ ಒಬ್ಬಳೇ. ವರ್ಷಗಟ್ಟಲೆ ಖಾರ ಕುಡಿದ ಮೂಗು ಅದು, ಸೀನುವುದನ್ನು ಎಂದೋ ಬಿಟ್ಟಿದೆ. ಮಾತಾಡಿಸುವವರು ಯಾರೂ ಒಳಗೆ ಬರದ ಆ ಒಂದು ದಿನ ಅವಳು ಕಥೆ ಬರೆಯುತ್ತಾಳೆ.

ಬರೆಯುತ್ತಾಳೆ ಎಂದರೆ ಮೇಜು, ಕುರ್ಚಿ, ಕಿಟಕಿಯಾಚೆ ಹೂಬಳ್ಳಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಒಂದು ಕೈ ಗಿರಣಿಯ ಬಾಯಿಗೆ ಮೆಣಸಿನಕಾಯಿ ತಳ್ಳುತ್ತಿರುತ್ತದೆ. ಇನ್ನೊಂದು ಕೈಯ ಹೆಬ್ಬೆರಳು ಪ್ಲಾಸ್ಟಿಕ್ ಚೀಲ ಸುತ್ತಿದ ಮೊಬೈಲಿನ ಮೇಲೆ ಓಡುತ್ತಿರುತ್ತದೆ. ಐವತ್ತು ದಾಟಿದ, ಏಳನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು. ಮನೆಯಲ್ಲಿ ಆಡುವುದು ಉರ್ದು, ಬರೆಯುವುದು ಕನ್ನಡ. ಹುಬ್ಬಳ್ಳಿಯ ನೆಂಟರು ಇದಕ್ಕೆ ಮೂಗು ಮುರಿದಾಗ "ಗಿರಣಿಗಿ ಬರೂ ಜ್ವಾಳ ಯಾ ಭಾಷಾ ಮಾತಾಡತೈತಿ?" ಎಂದು ಕೇಳಿದ್ದಳಂತೆ.

ನಾನು ಶಿವಾಜಿ. ಗಿರಣಿಯ ಬಾಜೂಕ್ಕೇ ನನ್ನ ಝೆರಾಕ್ಸ್ ಅಂಗಡಿ, ನಡುವೆ ಒಂದು ತಗಡಿನ ಗೋಡೆ. ಗುರುವಾರ ನಾನೂ ಸೀನುತ್ತೇನೆ, ನನ್ನ ಗಿರಾಕಿಗಳೂ ಸೀನುತ್ತಾರೆ, ಗಿರಣಿಯ ಅದುರಿಗೆ ನನ್ನ ಝೆರಾಕ್ಸ್ ಯಂತ್ರ ಅಲುಗಾಡಿ ಆಧಾರ ಕಾರ್ಡಿನಲ್ಲಿ ಮನುಷ್ಯನಿಗೆ ಎರಡು ಮೂಗು ಬರುತ್ತವೆ. ಬೇರೆ ಯಾರಾದರೂ ಆಗಿದ್ದರೆ ಜಗಳ ಮಾಡುತ್ತಿದ್ದೆ. ಮಲಿಕಾಬಿಯನ್ನು ನಾನು ಚಾಚಿ ಎಂದು ಕರೆಯುತ್ತೇನೆ, ಮತ್ತು ಅವಳ ಕಥೆಗಳನ್ನು ಪತ್ರಿಕೆಗೆ ಕಳಿಸಿಕೊಡುವವನೂ ನಾನೇ. ಸಾಹಿತ್ಯ ನನಗೆ ತಿಳಿಯುತ್ತದೆ ಎಂದಲ್ಲ. ಇ-ಮೇಲ್ ತಿಳಿಯುತ್ತದೆ.

ಅವಳ ಕಥೆಗಳಲ್ಲಿ ಅತ್ತೆ ಸೊಸೆ ಇರುವುದಿಲ್ಲ. ಎಲ್ಲ ಬರುವ ಕಾಲದ ಸಂಗತಿ. ಒಂದರಲ್ಲಿ ಬೆಣ್ಣಿಹಳ್ಳ ಹರಿದು ಹರಿದು ಬೇಸರಾಗಿ, ಎದ್ದು ಬಂದು ಗುಡಗೇರಿ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತದೆ. ಅದನ್ನು ಯಾವ ಡಬ್ಬಿಯಲ್ಲಿ ಕೂಡಿಸಬೇಕೆಂದು ಟಿಕೆಟ್ ಕಲೆಕ್ಟರ್ ಒದ್ದಾಡುತ್ತಾನೆ. ಇನ್ನೊಂದರಲ್ಲಿ ಊರಿನ ನೆರಳುಗಳೆಲ್ಲ ಸಂಘ ಕಟ್ಟಿಕೊಂಡು ವಾರಕ್ಕೊಂದು ರಜೆ ಕೇಳುತ್ತವೆ. ಅದರ ಜೊತೆಗೆ ಎರಡು ಸಾಲಿನ ಪದ್ಯವೂ ಇತ್ತು:

ನೆರಳಿಗೆ ರಜೆ ಕೊಟ್ಟ ದಿನ
ಬಿಸಿಲಿಗೆ ನಾನು ಒಬ್ಬಳೇ ಸಿಕ್ಕೆ.

ಓದಿ ನನ್ನ ಮೈ ಜುಂ ಎಂದಿತು. "ಚಾಚಿ, ಇದೇನ ಅರ್ಥ?" ಎಂದೆ. "ಅರ್ಥ ಕೇಳಬ್ಯಾಡಲೇ, ಕತಿ ಕೇಳ" ಎಂದು ಬೈದಳು. ಅವಳಿಗೆ ಬೇಕಾಗಿದ್ದುದು ಅಷ್ಟೇ. ಕಥೆಯನ್ನು ಕಥೆ ಎಂದು ತಿಳಿದು ಕೇಳುವವರು ಒಬ್ಬರು ಬೇಕು. ಇದೇನು ಮಹಾ ಆಸೆ ಎಂದು ನಿಮಗೆ ಅನ್ನಿಸಬಹುದು. ಆ ಮನೆಯ ಸಂಗತಿ ಗೊತ್ತಿದ್ದರೆ ಅನ್ನಿಸುವುದಿಲ್ಲ.

ಅವಳ ಗಂಡ ಅಲ್ಲಾಸಾಬ ಮೊಹರಮ್ಮಿನಲ್ಲಿ ದೇವರು ಹೊರುತ್ತಿದ್ದವನು. ಲೋಹದ ಹಸ್ತದ ಪಂಜಾ ಹೊತ್ತು, ಕೆಂಡ ತುಂಬಿದ ಅಲಾಯಿ ಕುಣಿಯ ಸುತ್ತ ಕುಣಿದು, ಮೈದುಂಬಿ ನಿಂತಾಗ ಆ ವರ್ಷದ ಮಳೆ ಬೆಳೆಯ ಬಗ್ಗೆ ಒಂದು ಹೇಳಿಕೆ ಹೇಳುವುದು ಅವರ ಮನೆತನದ ಮರ್ಯಾದೆ. ಅದನ್ನು ಕೇಳಲು ಲಿಂಗಾಯತರ ಓಣಿ, ಮರಾಠರ ಓಣಿ, ತಳವಾರರ ಓಣಿ ಎಲ್ಲ ಬಂದು ನಿಲ್ಲುತ್ತಿತ್ತು. ಉಳಿದ ದಿನ ಅಲ್ಲಾಸಾಬ ಚಾಚಾ ಮಾತಾಡುತ್ತಿದ್ದುದೇ ಕಡಿಮೆ. ಏನಾದರೂ ಕೇಳಿದರೆ ಹೂಂ, ಇನ್ನೊಂದು ಕೇಳಿದರೆ ಹೂಂಹೂಂ. ಅಂಥವನ ಬಾಯಲ್ಲಿ ಅವತ್ತು ಪದ್ಯ ಹರಿಯುತ್ತಿತ್ತು.

ಕರಿ ಹಾಸಿಗಿ ಮ್ಯಾಲ ಬಿಳಿ ಮುತ್ತ ಚೆಲ್ಯಾವು,
ಬಗ್ಗಿದವಗ ಸಿಗತಾವು, ಸೆಟೆದವಗ ಇಲ್ಲ.

ನಾನು ಚಿಕ್ಕವನಿದ್ದಾಗ ಕೇಳಿದ್ದು. ಕರಿ ಹಾಸಿಗೆ ಎಂದರೆ ಎರೆ ಹೊಲ, ಬಿಳಿ ಮುತ್ತು ಎಂದರೆ ಹತ್ತಿ ಎಂದು ಹಿರಿಯರು ಬಿಡಿಸಿದರು. ಆ ವರ್ಷ ಊರಿಗೆ ಊರೇ ಹತ್ತಿ ಬಿತ್ತಿತು. ಬೆಳೆ ಬಂತೋ ಬಿಟ್ಟಿತೋ ಈಗ ಯಾರಿಗೂ ನೆನಪಿಲ್ಲ, ಹೇಳಿಕೆ ಮಾತ್ರ ಎಲ್ಲರಿಗೂ ಬಾಯಿಪಾಠ. ನಮ್ಮೂರಲ್ಲಿ ಹೇಳಿಕೆ ಎಂದೂ ತಪ್ಪಿದ್ದಿಲ್ಲ. ತಪ್ಪಿದ್ದರೆ ಅದು ಅರ್ಥ ಬಿಡಿಸಿದವರ ತಪ್ಪು.

ಹೀಗಾಗಿ ಅಲ್ಲಾಸಾಬನ ಮನೆಯವರ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂಬ ಹೆಸರು ಬಿತ್ತು. ಹೊಲದ ಬದುವಿನ ಜಗಳ ಬಂದರೂ "ಅಲ್ಲಾಸಾಬ ಹೂಂ ಅಂದ್ರ ಸಾಕು" ಎನ್ನುತ್ತಿದ್ದರು. ಇಂಥ ಮನೆಯ ಸೊಸೆಗೆ ಇಲ್ಲದ್ದನ್ನು ಕಟ್ಟಿ ಹೇಳುವ ಹುಚ್ಚು. ಹಾವಾಡಿಗನ ಮನೆಯಲ್ಲಿ ಕಪ್ಪೆ ಸಾಕಿದ ಹಾಗೆ.

ಚಾಚಾ ತೀರಿಕೊಂಡ ಮೇಲೆ ಅವನ ತಮ್ಮನ ಮಗ ಸಾಧಿಕ್ ದೇವರು ಹೊರುತ್ತಾನೆ. ಕುಣಿಯುವುದೇನೋ ಭಾಳ ಚಂದ ಕುಣಿಯುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ಪ್ರತಿ ವರ್ಷ ಊರು ಕಿವಿ ನಿಮಿರಿಸಿಕೊಂಡು ನಿಲ್ಲುತ್ತದೆ, ಏನೂ ಸಿಗದೆ ಮನೆಗೆ ಹೋಗಿ ಟಿವಿಯಲ್ಲಿ ಹವಾಮಾನ ನೋಡುತ್ತದೆ. ಹವಾಮಾನದವರು ಪ್ರಾಸದಲ್ಲಿ ಹೇಳುವುದಿಲ್ಲವಾದ್ದರಿಂದ ಯಾರೂ ನಂಬುವುದಿಲ್ಲ.

ಹೀಗಿರುವಾಗ 'ನಾಳೆಗನ್ನಡಿ' ಎಂಬ ಅಂತರ್ಜಾಲ ಪತ್ರಿಕೆಯ ಒಂದು ಪ್ರಕಟಣೆ ನನ್ನ ಕಣ್ಣಿಗೆ ಬಿತ್ತು. ಹೊಸ ಊಹಾಸಾಹಿತ್ಯದ ಸಂಚಿಕೆ ತರುತ್ತಿದ್ದೇವೆ, ಇಲ್ಲದ್ದನ್ನು ಇದ್ದಂತೆ ಹೇಳುವ ಕಥೆ ಕವಿತೆಗಳನ್ನು ಕಳಿಸಿ ಎಂದಿತ್ತು. ಚಾಚಿಗೆ ಓದಿ ಹೇಳಿದೆ. ಅವಳು ಬುಟ್ಟಿ ಕೆಳಗಿಟ್ಟಳು.

"ಇಲ್ಲದ್ದನ್ನ ಇದ್ದಂಗ ಹೇಳ್ರಿ ಅಂತ ಕರದು ಕೇಳಾಕತ್ಯಾರೇನೋ? ನಮ್ಮವ್ವ ಅದಕ್ಕ ನನ್ನ ಬೆನ್ನಿಗಿ ಬಾರಿಸತಿದ್ಲು."

ಎರಡು ಗುರುವಾರ ಬರೆದಳು. ಕಥೆಯ ಹೆಸರು 'ಬಿಳಿ ಮೆಣಸಿನಕಾಯಿ'. ಬರುವ ಕಾಲದಲ್ಲಿ ಒಂದು ಮುಂಜಾನೆ ಗುಡಗೇರಿಯ ಹೊಲಗಳಲ್ಲಿ ಮೆಣಸಿನಕಾಯಿ ಹಣ್ಣಾಗುತ್ತವೆ, ಆದರೆ ಕೆಂಪಾಗುವುದಿಲ್ಲ. ಹಾಲಿನಂತೆ ಬೆಳ್ಳಗೆ ನಿಲ್ಲುತ್ತವೆ. ಖಾರ ಇದೆ, ಬಣ್ಣ ಇಲ್ಲ. ಆಮೇಲೆ ಒಂದೊಂದಾಗಿ ಕುಂಕುಮ ಬೆಳ್ಳಗಾಗುತ್ತದೆ, ಮದರಂಗಿ ಬೆಳ್ಳಗಾಗುತ್ತದೆ, ಕಾಲಿಗೆ ಮುಳ್ಳು ಚುಚ್ಚಿದರೆ ಬರುವ ರಕ್ತವೂ ಬೆಳ್ಳಗಾಗುತ್ತದೆ. ಕೆಂಪು ಎಂಬುದು ಊರಿನ ಮೇಲೆ ಸಿಟ್ಟು ಮಾಡಿಕೊಂಡು ನೆಲದೊಳಗೆ ಇಳಿದುಹೋಗಿದೆ. ಅದನ್ನು ರಮಿಸಿ ಕರೆತರಲು ಒಬ್ಬ ಹುಡುಗಿ ಊರಾಚೆಯ ಹಾಳು ಬಾವಿಯ ಮೆಟ್ಟಿಲು ಇಳಿಯುತ್ತಾಳೆ. ಅಲ್ಲಿಗೆ ಕಥೆ ನಿಲ್ಲುತ್ತದೆ. ಯಾಕೆ ಅಲ್ಲಿಗೆ ನಿಲ್ಲಿಸಿದೆ ಎಂದು ಕೇಳಿದ್ದಕ್ಕೆ "ಕಾಯಿ ಮುಗದ್ವು, ಗಿರಣಿ ಬಂದ್ ಆತು" ಎಂದಳು.

ಸಂಪಾದಕ ಹೇಮಂತ ಎಂಬವರಿಂದ ಉತ್ತರ ಬಂತು: ಅದ್ಭುತ, ಮುಂದಿನ ವಾರವೇ ಹಾಕುತ್ತೇವೆ. ಹಾಕಿದರು. ತಲೆಬರಹದ ಮೇಲೆ 'ಊಹಾಕಥೆ' ಎಂದಿತ್ತು, ಕೆಳಗೆ ಮಲಿಕಾಬಿ, ಗುಡಗೇರಿ ಎಂದಿತ್ತು. ಅದಕ್ಕೂ ಮೊದಲು ನಾನು ಕಳಿಸಿದ ಕಥೆ ಯಾವುದೂ ಬಂದಿರಲಿಲ್ಲ, ತನ್ನ ಹೆಸರನ್ನು ಅವಳು ರೇಷನ್ ಕಾರ್ಡು ಬಿಟ್ಟು ಬೇರೆ ಕಡೆ ಅಚ್ಚಿನಲ್ಲಿ ನೋಡಿದ್ದು ಅದೇ ಮೊದಲು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಆ ಹೆಸರನ್ನು ಮುಟ್ಟಿದಳು. ಮುಟ್ಟಿದ್ದಕ್ಕೆ ಪುಟ ಮೇಲೆ ಸರಿದು ಓದುಗರ ಪ್ರತಿಕ್ರಿಯೆಗಳು ಕಂಡವು.

ಒಬ್ಬರು ಇದು ಹವಾಮಾನ ಬದಲಾವಣೆಯ ಸಶಕ್ತ ರೂಪಕ ಎಂದಿದ್ದರು. ಇನ್ನೊಬ್ಬರು ಬಿಳಿ ಎಂದರೆ ಬಂಡವಾಳ, ಕೆಂಪು ಎಂದರೆ ಶ್ರಮ ಎಂದಿದ್ದರು. ಮೂರನೆಯವರು ಅವರಿಬ್ಬರಿಗೂ ಏನೂ ತಿಳಿಯುವುದಿಲ್ಲವೆಂದೂ ಇದು ದೇಹರಾಜಕಾರಣವೆಂದೂ ಬರೆದಿದ್ದರು, ಮುಂದೆ ಮೂವರೂ ಕಿತ್ತಾಡಿದ್ದರು. ನಾನು ಓದಿ ಹೇಳುತ್ತಾ ಹೋದೆ, ಚಾಚಿ ಗೋಣು ಹಾಕುತ್ತಾ ಹೋದಳು. ಮುಗಿದ ಮೇಲೆ ಕೇಳಿದಳು, "ಹುಡುಗಿ ಬಗ್ಗೆ ಯಾರೂ ಏನೂ ಅಂದಿಲ್ಲೇನೋ?"

ಯಾರೂ ಅಂದಿರಲಿಲ್ಲ.

ಅವಳ ಮಗ ನಿಯಾಜ್ ಗದಗಿನಲ್ಲಿ ಟೈಲ್ಸ್ ಕೆಲಸದವನು. ತಾಯಿಯ ಹೆಸರು ಬಂದ ಖುಷಿಗೆ ಕಥೆಯನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಅಲ್ಲಿಂದ ಅದು ಹೊಲ ಬಿಟ್ಟು ಹೊಲಕ್ಕೆ ಹೋಯಿತು. ಪೂರ್ತಿ ಓದುವ ವ್ಯವಧಾನ ಯಾರಿಗಿದೆ? ಯಾರೋ ಒಬ್ಬ ಪುಣ್ಯಾತ್ಮ ತಲೆಬರಹ ತೆಗೆದ, 'ಊಹಾಕಥೆ' ಎಂಬುದನ್ನು ತೆಗೆದ, ಬಾವಿಯನ್ನೂ ಹುಡುಗಿಯನ್ನೂ ತೆಗೆದ. ಉಳಿದ ನಾಲ್ಕು ಸಾಲನ್ನು ದಪ್ಪಕ್ಷರ ಮಾಡಿ, ಮೇಲೆ "ಅಲ್ಲಾಸಾಬನ ಮನ್ಯಾಗಿಂದ ಮಾತು ಬಂದೈತಿ" ಎಂದು ಬರೆದು ಬಿಟ್ಟ.

ಆಗ ಮೊಹರಮ್ಮಿನ ತಿಂಗಳು ಹತ್ತಿರ ಬಂದಿತ್ತು, ಮೆಣಸಿನ ಸಸಿ ಹಚ್ಚುವ ಹಂಗಾಮೂ ಅದೇ. ವರ್ಷಗಳಿಂದ ಹೇಳಿಕೆ ಕೇಳದೆ ಬಾಯಾರಿದ್ದ ಊರು ನಾಲ್ಕು ಸಾಲನ್ನು ಗಟಗಟ ಕುಡಿಯಿತು. ಮೊದಲು ಹೊಳೆಪ್ಪ ಕಾಕಾ ಸಸಿ ಹಚ್ಚುವುದನ್ನು ನಿಲ್ಲಿಸಿದರು. ಊರಿನ ದೊಡ್ಡ ಹಿಡುವಳಿದಾರರು ಅವರು, ಬೆಳಗ್ಗೆ ವಿಭೂತಿ ಹಚ್ಚದೆ ಚಹಾ ಮುಟ್ಟದ ಮನುಷ್ಯ, ಆದರೆ ಅಲಾಯಿ ದೇವರ ಹೇಳಿಕೆಗೆ ಎಲ್ಲರಿಗಿಂತ ಮುಂದೆ ನಿಲ್ಲುವವರೂ ಅವರೇ. ಅವರು ನಿಲ್ಲಿಸಿದ್ದು ನೋಡಿ ಬಾಜೂ ಹೊಲದವರು ನಿಲ್ಲಿಸಿದರು. ಮೆಣಸಿನ ಬದಲು ಬಿತ್ತಲು ಗೋವಿನಜೋಳದ ಬೀಜಕ್ಕೆ ಒಮ್ಮೆಲೇ ಪಾಳಿ ಹತ್ತಿತು. ಬೆಳೆಸಿಟ್ಟ ಮೆಣಸಿನ ಸಸಿ, ನಮ್ಮ ಕಡೆ ಅಗಿ ಎನ್ನುತ್ತಾರೆ, ಮಡಿಯಲ್ಲೇ ಬಾಡತೊಡಗಿದವು.

ಚಾಚಿಗೆ ಇದು ಗೊತ್ತಾದದ್ದು ಗಿರಣಿಯಲ್ಲಿ. ಜೋಳ ತಂದ ಹೆಂಗಸೊಬ್ಬಳು ಡಬ್ಬಿ ಇಟ್ಟು ಅವಳ ಕಾಲು ಮುಟ್ಟಿದಳು. ಚಾಚಿ ಹೌಹಾರಿ ಹಿಂದೆ ಸರಿದು ಹಿಟ್ಟಿನ ಗುಡ್ಡೆಯಲ್ಲಿ ಕೂತುಬಿಟ್ಟಳು.

"ಕತಿ ಅದು! ನಾ ಕಟ್ಟಿದ ಕತಿ!" ಎಂದು ಬಂದವರಿಗೆಲ್ಲ ಹೇಳಿ ನೋಡಿದಳು. "ಹೌದ್ರಿ, ಹೌದ್ರಿ" ಎಂದು ಅವರು ಕೈಮುಗಿದರು. ದೇವರ ಮನೆಯವರು ದೊಡ್ಡಸ್ತಿಕೆ ತೋರಿಸುವುದಿಲ್ಲ ಎಂದು ಹೊರಗೆ ಬಂದು ಮೆಚ್ಚಿಕೊಂಡರು.

ಊರಿನವರಿಗೆ ತಿಳಿಯುವುದಿಲ್ಲ, ಸಾಹಿತ್ಯದವರಾದರೂ ತಿಳಿದವರಲ್ಲವೇ ಎಂದು ನಾನು ಸಂಪಾದಕ ಹೇಮಂತರಿಗೆ ಫೋನು ಮಾಡಿದೆ. ಇದು ಬರೀ ಕಥೆ ಎಂದು ನಿಮ್ಮ ಪತ್ರಿಕೆಯಲ್ಲೇ ದೊಡ್ಡದಾಗಿ ಒಂದು ಮಾತು ಹಾಕಿ, ಊರಿಗೆ ತೋರಿಸುತ್ತೇವೆ ಎಂದೆ. ನಡೆದದ್ದನ್ನು ಕೇಳಿ ಅವರ ದನಿ ಏರಿತು. ಚಾಚಿಯೂ ಕೇಳಲಿ ಎಂದು ಸ್ಪೀಕರ್ ಹಚ್ಚಿದೆ.

"ಮೇಡಂ, ನಿಮ್ಮ ಮನೆತನದಲ್ಲಿ ಭವಿಷ್ಯ ಹೇಳುವ ಪರಂಪರೆ ಇದೆ ಅಂತ ನೀವು ಮೊದಲೇ ಯಾಕೆ ತಿಳಿಸಲಿಲ್ಲ? ನಾವು ಇದನ್ನು ಸುಮ್ಮನೆ ಕಥೆ ಅಂತ ಹಾಕಿಬಿಟ್ಟೆವಲ್ಲ! ಇದು ಕಥೆಗಿಂತ ದೊಡ್ಡದು."

"ಕತಿಗಿಂತ ದೊಡ್ಡದು ಏನೈತ್ರಿ?" ಎಂದಳು ಚಾಚಿ.

"ಇದು ಸಮುದಾಯದ ಒಳಗಿನ ಕಾಣ್ಕೆ, ಮೇಡಂ."

"ಕಾಣ್ಕಿ ಪಾಣ್ಕಿ ಇಲ್ರಿ. ಗಿರಣ್ಯಾಗ ನಿಂತು ನಾನ ಕಟ್ಟೀನಿ. ಎಲ್ಲಿ ಏನ ಬರಬೇಕು, ಹುಡುಗಿ ಯಾವಾಗ ಇಳೀಬೇಕು, ಎಲ್ಲಾ ನನ್ನ ತಲ್ಯಾಗಿಂದ್ರಿ."

"ಅದು ನಿಮ್ಮ ವಿನಯ" ಎಂದರು ಹೇಮಂತ. ಗಿರಣಿಯ ಹಿನ್ನೆಲೆಯಲ್ಲಿ, ಸಾಧ್ಯವಾದರೆ ಮುಖಕ್ಕೆ ಖಾರಪುಡಿ ಮೆತ್ತಿಕೊಂಡಿರುವ ಒಂದು ಫೋಟೋ ಕಳಿಸಲು ಹೇಳಿ ಫೋನಿಟ್ಟರು.

ಮರುದಿನ ಪತ್ರಿಕೆ ತೆರೆದು ನೋಡಿದರೆ 'ಊಹಾಕಥೆ' ಎಂಬ ಮಾತು ಹೋಗಿತ್ತು. ಅದರ ಜಾಗದಲ್ಲಿ 'ಜನಪದ ದರ್ಶನ' ಎಂದಿತ್ತು. ನನಗೆ ಎಂಥ ಸಿಟ್ಟು ಬಂತು! ಓದದವರು ಕಥೆಯನ್ನು ದೇವರ ಮಾತು ಎಂದರು, ಇವರು ಓದಿಯೂ ಅದನ್ನೇ ಅಂದರಲ್ಲ! ಚಾಚಿಗೆ ಸಿಟ್ಟು ಬರಲಿಲ್ಲ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಪರದೆಯಲ್ಲಿ ತನ್ನ ಹೆಸರಿದ್ದ ಕಡೆಯೇ ನೋಡುತ್ತಿದ್ದಳು. ಅವಳನ್ನು ಅಷ್ಟು ಸಣ್ಣಗೆ ನಾನು ಎಂದೂ ನೋಡಿರಲಿಲ್ಲ.

"ಚಾಚಿ, ಚಾವಡಿಗೆ ಹೋಗಿ ಎಲ್ಲರ ಮುಂದ ಒಮ್ಮೆ ಗಟ್ಟಿ ಹೇಳಿಬಿಡು, ಇದು ಸುಳ್ಳ ಅಂತ."

"ಹೇಳಿದ್ರ ಮುಂದಿನ ಮಾತು ನಿನ್ನ ಚಾಚಾನ ಮ್ಯಾಲ ಬರತೈತಿ" ಎಂದಳು. ಆಮೇಲೆ ತಗಡಿನ ಗೋಡೆಗೂ ಕೇಳಿಸದ ಹಾಗೆ ದನಿ ಇಳಿಸಿ ಹೇಳಿದಳು. ಚಾಚಾನ ಹೇಳಿಕೆಗಳೆಲ್ಲ ಅವಳವೇ. ಮದುವೆಯಾದ ಮರುವರ್ಷ ಹಬ್ಬದ ಹಿಂದಿನ ದಿನ ಅವನು ಅನ್ನ ಬಿಟ್ಟು ಕೂತಿದ್ದನಂತೆ. ದೇವರು ಮೈಮೇಲೆ ಬರುವುದು ನಿಜ, ಕುಣಿಯುವಾಗ ತನಗೆ ಎಚ್ಚರವಿರುವುದಿಲ್ಲ, ಆದರೆ ಮಾತು ಮಾತ್ರ ಬರುವುದಿಲ್ಲ, ಊರೆಲ್ಲ ಬಾಯಿ ನೋಡುತ್ತ ನಿಂತಿರುತ್ತದೆ ಎಂದು ಅತ್ತನಂತೆ. ಇವಳು ಎರಡು ಸಾಲು ಕಟ್ಟಿ ಬಾಯಿಪಾಠ ಮಾಡಿಸಿದಳು. ಅಲ್ಲಿಂದ ಅವನು ಸಾಯುವವರೆಗೆ ಪ್ರತಿ ವರ್ಷ.

"ನಂದು ಸುಳ್ಳ ಅಂದ್ರ ಅಂವಂದೂ ಸುಳ್ಳ ಅಂತಾರ. ಮಣ್ಣಾಗ ಮಲಗಿದವನ ಹೆಸರಿಗಿ ಮಸಿ ಹಚ್ಚಲೇನು?" ಎಂದಳು. "ಖರೇ ಅಂದ್ರ ಮುಂದ ನಾ ಒಂದ ಕತಿನೂ ಬರಿಯಾಂಗಿಲ್ಲ. ಬೆಕ್ಕು ಹಾರಿತು ಅಂತ ಬರದ್ರ ಊರಾಗಿನ ಬೆಕ್ಕೆಲ್ಲಾ ಕಟ್ಟಿ ಹಾಕತಾರ."

ಹೇಳುವುದೋ ಬಿಡುವುದೋ ಎಂದು ಅವಳು ಯೋಚಿಸುತ್ತಿರುವಾಗಲೇ ಊರು ಅವಳ ಬಾಗಿಲಿಗೆ ಬಂತು. ಅದು ಗುರುವಾರ. ಹೊಳೆಪ್ಪ ಕಾಕಾ ಮುಂದೆ, ಹಿಂದೆ ಒಂದಿಪ್ಪತ್ತು ಜನ ರೈತರು. ಮೆಣಸಿನ ಡಬ್ಬಿ ತಂದ ಹೆಂಗಸರು ಬಾಜೂಕ್ಕೆ ನಿಂತರು, ಅವರಲ್ಲಿ ಕಾಕಾನ ಹೆಂಡತಿ ನೀಲಕ್ಕನೂ ಇದ್ದಳು. ನಾನು ಅಂಗಡಿ ಬಿಟ್ಟು ಹೊರಗೆ ಬಂದೆ. ಚಾಚಿ ಗಿರಣಿ ನಿಲ್ಲಿಸಲಿಲ್ಲ, ಖಾರದ ಘಾಟಿಗೆ ತಾವೇ ಹೋಗಲಿ ಎಂದು ಇನ್ನೊಂದು ಬುಟ್ಟಿ ಸುರಿದಳು. ಯಾರೂ ಹೋಗಲಿಲ್ಲ.

ಕಾಕಾ ಗಂಟಲು ಸರಿಮಾಡಿಕೊಂಡು "ಮಲಿಕಾಬಿ" ಎಂದರು, ಸೀನಿದರು. ಒಂಟಿ ಸೀನಿನ ಮೇಲೆ ದೇವರ ಮಾತು ಎತ್ತುವಂತಿಲ್ಲ, ಅಪಶಕುನ. ಜೋಡಿ ಸೀನು ಬರಲೆಂದು ಎಲ್ಲರೂ ಕಾಯ್ದರು. ಬಂತು. ಮತ್ತೆ "ಮಲಿಕಾಬಿ" ಎಂದರು, ಹಿಂದೆ ನಿಂತವನೊಬ್ಬ ಸೀನಿದ. ಮತ್ತೆ ಕಾಯ್ದರು. ಹೀಗೆ ಬಹಳ ಹೊತ್ತು ನಡೆಯಿತು. ನೋಡಿ ನೋಡಿ ಚಾಚಿಗೇ ಮರುಕ ಬಂದು ಗಿರಣಿಯ ಬಾಯಿಗೆ ಹಾಕುವುದನ್ನು ಬಿಟ್ಟು ಹೊಸ್ತಿಲಿಗೆ ಬಂದಳು.

"ಏನ್ರಿ ಕಾಕಾ?"

"ನಮಗ ತಿಳೀಬೇಕವಾ. ಅಗಿ ಮಡಿಯೊಳಗ ಒಣಗಾಕತ್ತಾವು. ಹಚ್ಚೂದೋ ಬಿಡೂದೋ? ಬಿಳಿ ಮೆಣಸಿನಕಾಯಿ ಅಂದದ್ದು ದೇವರ ಮಾತೋ, ನಿನ್ನ ಮಾತೋ?"

ಚಾಚಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಒಂದು ಕಡೆ ಗಂಡನ ಹೆಸರು, ಇನ್ನೊಂದು ಕಡೆ ಇವರ ವರ್ಷದ ಬೆಳೆ, ನಡುವೆ ಅವಳ ಕಥೆ. ನನ್ನನ್ನು ಕೇಳಿದ್ದರೆ ನಾನಂತೂ ದೇವರ ಮೇಲೆ ಹಾಕಿ ಪಾರಾಗುತ್ತಿದ್ದೆ.

"ನನ್ನ ಮಾತ್ರಿ" ಎಂದಳು. "ನಾನ ಕಟ್ಟೀನಿ. ಅಗದಿ ಸುಳ್ಳ. ಮೆಣಸಿನಕಾಯಿ ಹಿಂದೂ ಕೆಂಪ ಇದ್ವು, ಮುಂದೂ ಕೆಂಪ ಇರತಾವು. ಹೋಗಿ ಅಗಿ ಹಚ್ಚ್ರಿ."

ಯಾರೂ ಸೀನಲಿಲ್ಲ. ಕಾಕಾನ ಮುಖ ಇಳಿದುಹೋಯಿತು. "ಅಲ್ಲಾಸಾಬನ ಮನ್ಯಾಗ ಸುಳ್ಳ?" ಎಂದರು. "ಹಂಗಾರ ಅಂವ ಹೇಳತಿದ್ದದ್ದು…"

ಚಾಚಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಾತಾಡಿದವಳು ನೀಲಕ್ಕ. ಸೆರಗನ್ನು ಮೂಗಿನಿಂದ ತೆಗೆದು, ಗಂಡನ ಕಡೆ ತಿರುಗಿದಳು.

"ಅಲ್ಲಾಸಾಬಗ ಎರಡ ಮಾತ ಕೂಡಿಸಿ ಆಡಾಕ ಯಾವಾಗ ಬರತಿತ್ರಿ? ಆ ಹೇಳಿಕಿಯೆಲ್ಲಾ ಈಕಿವ. ಹಬ್ಬ ಹತ್ತರ ಬಂತಂದ್ರ ಈಕಿ ಹಿಟ್ಟ ತುಂಬಕೋತ ಗುನುಗತಿದ್ಲು. ಅದ ಪದ ಹಬ್ಬದಾಗ ಅಂವ ಅಂತಿದ್ದ. ಬೀಸಾಕ ಬರೂ ಹೆಣ್ಮಕ್ಕಳಿಗೆಲ್ಲಾ ಗೊತ್ತೈತಿ."

ಹೆಂಗಸರು ಹೌದು ಎಂದು ಗೋಣು ಹಾಕಿದರು. ಗಂಡಸರು ಹೆಂಡಿರ ಮುಖ ನೋಡಿದರು. ಸಂಸಾರದಲ್ಲಿ ಇನ್ನೇನೇನು ತಮಗೆ ಗೊತ್ತಿಲ್ಲವೋ ಎಂಬ ದಿಗಿಲು ಆ ಮುಖಗಳ ಮೇಲೆ ಕಂಡಿತು. ಚಾಚಿ ಬಾಯಿ ತೆರೆದು ನಿಂತಿದ್ದಳು. ಇಷ್ಟು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡದ್ದು ಅರ್ಧ ಊರಿಗೆ ಗೊತ್ತಿದ್ದ ಸಂಗತಿ.

ಇನ್ನು ಮುಗಿಯಿತು, ಮನೆತನದ ಹೆಸರು ಹೋಯಿತು ಎಂದು ನಾನು ಅಂದುಕೊಂಡೆ. ನಮ್ಮೂರಿನವರ ಬುದ್ಧಿಯನ್ನು ನಾನು ಕಡಿಮೆ ತೂಗಿದ್ದೆ. ಹೊಳೆಪ್ಪ ಕಾಕಾ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. ನಿಧಾನಕ್ಕೆ ಅವರ ಮುಖ ಅರಳಿತು.

"ಅಂದ್ರ ದೇವರು ಮೊದಲಿಂದ ಈಕಿ ಬಾಯಾಗ ಅದಾನ! ನಾವು ದಡ್ಡರು ಅಲ್ಲಾಸಾಬನ್ನ ನೋಡಕೋತ ನಿಂತಿದ್ವಿ" ಎಂದರು. "ಹಂಗಾರ ಬಿಳಿ ಮೆಣಸಿನಕಾಯಿ ಪಕ್ಕಾ ಖರೇನ."

ಎಲ್ಲರೂ ಕೈಮುಗಿದರು. ಚಾಚಿಗೆ ಆಗ ಬಂದ ಸಿಟ್ಟನ್ನು ನಾನು ಇನ್ನೊಮ್ಮೆ ನೋಡಲಾರೆ. ಬೆಲ್ಟಿನ ಸದ್ದನ್ನೂ ಮೀರಿಸಿ ಕೂಗಿದಳು.

"ಹೌದೇನ್ರಿ? ಹಂಗಾರ ಕೇಳ್ರಿ ಹೇಳಿಕಿ!

ಕೈಯಾನ ಮದರಂಗಿ ಕೆಂಪ, ಹಣಿಯಾನ ಕುಂಕುಮ ಕೆಂಪ,
ಹಚ್ಚಿದವನ ಹೊಲಾ ಕೆಂಪ,
ಕತಿ ಕೇಳಿ ಕೈ ಕಟ್ಟಿ ಕುಂತವನ ಕಣ್ಣ ಕೆಂಪ!"

ನಿಂತ ನಿಲುವಿನಲ್ಲಿ ಕಟ್ಟಿದ್ದು. ಊರು ಸಂತೋಷದಿಂದ ಮೈ ಮರೆಯಿತು. ವರ್ಷಗಳ ಮೇಲೆ ಹೇಳಿಕೆ ಬಂದಿತ್ತು, ಪ್ರಾಸವೂ ಇತ್ತು. ಯಾರೋ ಮೊಬೈಲಿನಲ್ಲಿ ಹಿಡಿದದ್ದೂ ಆಯಿತು. ಅರ್ಥ ಬಿಡಿಸುವ ಕಷ್ಟ ಕೂಡ ಇರಲಿಲ್ಲವಾದ್ದರಿಂದ ಹೊಳೆಪ್ಪ ಕಾಕಾನಿಗೆ ತುಸು ಬೇಸರವಾದಂತೆ ಕಂಡಿತು. ಆದರೂ ಅಂದೇ ಆಳು ಕರೆಯಲು ಓಡಿದರು. ಉಳಿದವರೂ ಅವರ ಹಿಂದೆ ಹೋದರು. ಬಾಡಿದ ಸಸಿಗಳು ಸಂಜೆಯೊಳಗೆ ಹೊಲ ಸೇರಿದವು.

ಅಂತೂ ತನ್ನ ಮಾತು ಸುಳ್ಳು ಎಂದು ನಂಬಿಸಲು ಚಾಚಿ ದೇವರ ಹೆಸರಿನಲ್ಲಿ ಇನ್ನೊಂದು ಹೇಳಿಕೆ ಕೊಡಬೇಕಾಯಿತು. ಬೆಳೆ ಉಳಿಯಿತು, ಗಂಡನ ಹೆಸರು ಉಳಿಯಿತು. ಕಥೆ ಬರೆಯುವ ಮಲಿಕಾಬಿ ಮಾತ್ರ ಊರಿನಲ್ಲೂ ಉಳಿಯಲಿಲ್ಲ, ಪತ್ರಿಕೆಯಲ್ಲೂ ಉಳಿಯಲಿಲ್ಲ. ಅವಳು ಒಳಗೆ ಹೋಗಿ ನಮಗೆ ಬೆನ್ನು ಮಾಡಿ ಗಿರಣಿಯ ಬಾಯಿಗೆ ಕಾಯಿ ತಳ್ಳತೊಡಗಿದಳು. ನಾನು ಹೊಸ್ತಿಲಲ್ಲೇ ನಿಂತೆ.

ಆಗ ನೋಡಿದರೆ ನೀಲಕ್ಕ ಹೋಗಿರಲಿಲ್ಲ. ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು, ಸೆರಗು ಮೂಗಿಗೆ ಒತ್ತಿಕೊಂಡು, ಸೀನುತ್ತಾ ಕೆಮ್ಮುತ್ತಾ ಒಳಗೇ ನಡೆದಳು. ಗುರುವಾರ ಆ ಗಿರಣಿಯೊಳಗೆ ಇನ್ನೊಬ್ಬರು ಕಾಲಿಟ್ಟದ್ದನ್ನು ನಾನು ಕಂಡಿದ್ದಿಲ್ಲ.

"ಮಲಿಕಾ, ನಮ್ಮ ಮೊಮ್ಮಗಳು ಅಮೃತಾ ಅದನ್ನ ಪೂರಾ ಓದಿ ಹೇಳಿದ್ಲು. ಆ ಹುಡುಗಿ ಬಾವ್ಯಾಗ ಇಳದ್ಲಲ್ಲ, ಆಕಿ ಮ್ಯಾಲ ಬಂದ್ಲೋ ಇಲ್ಲೋ?"

ಚಾಚಿ ತಿರುಗಿದಳು. ಕಣ್ಣು ನೀರಾಗಿದ್ದವು. "ಆಕಿ ಖರೇ ಹುಡುಗಿ ಅಲ್ರಿ ಯಕ್ಕಾ. ನಾ ಸುಳ್ಳ ಕಟ್ಟಿದ್ದು."

"ಗೊತ್ತೈತಿ ಬಿಡ. ಸುಳ್ಳಾದ್ರೇನಾತು, ಬಾವ್ಯಾಗ ಒಬ್ಬಾಕಿನ ಅದಾಳಲ್ಲ! ಅವತ್ತಿಂದ ನನಗ ಊಟ ರುಚಿ ಹತ್ತವಲ್ದು. ಮುಂದ ಏನಾತು ಹೇಳ."

ಚಾಚಿ ಕೈ ಚಾಚಿ ಗಿರಣಿ ಬಂದ್ ಮಾಡಿದಳು. ಬೆಲ್ಟು ತಿರುಗಿ ತಿರುಗಿ ನಿಂತಿತು. ಜೋಳದ ಚೀಲವೊಂದನ್ನು ಝಾಡಿಸಿ ನೀಲಕ್ಕನಿಗೆ ಹಾಸಿದಳು, ತಾನೂ ಎದುರಿಗೆ ನೆಲದ ಮೇಲೆ ಕುಳಿತಳು.

"ನನಗೂ ಗೊತ್ತಿಲ್ರಿ ಯಕ್ಕಾ" ಎಂದಳು. "ಕುಂದರ್ರಿ, ನೋಡೂಣು."